ಕೂದಲಿಗೆ ಹಚ್ಚಿದ ಹಿಟ್ಟಿನಿಂದ ಶುರುಮಾಡಿ

ಗದಗಿನಿಂದ ಲೀಲಾ ಚಿಟ್ಣಿಸ್ ಕುರಿತ ಲೇಖನ ಕಳಿಸಿದ ಲೇಖಕಿಯವರಿಗೆ ನಮಸ್ಕಾರ.

ನಿಮ್ಮ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಹಿಂದಿರುಗಿಸಿ ಸುಮ್ಮನಾಗಲೂ ಮನಸ್ಸು ಒಪ್ಪುತ್ತಿಲ್ಲ. ಧಾರವಾಡದಲ್ಲಿ ಹುಟ್ಟಿ ಹಿಂದಿ ಸಿನಿಮಾದಲ್ಲಿ ಹೆಸರಾದ ಈ ನಟಿಯ ಬಗ್ಗೆ ನಮ್ಮ ಕಡೆಯವರೇ ಯಾರಾದರೂ ಮನಸ್ಸಿಟ್ಟು ಬರೆಯಲಿ ಎಂದು ಬಹಳ ದಿನಗಳಿಂದ ಕಾದಿದ್ದೇನೆ. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಅಲ್ಲಿ ಧಾರವಾಡದ ಜಿಟಿಜಿಟಿ ಮಳೆ, ಪೇಡೆ, ಸಾಧನಕೇರಿ ಎಲ್ಲವೂ ಇವೆ, ಲೀಲಾ ಇಲ್ಲ. ಮಳೆಯಲ್ಲಿ ನೆನೆಯುತ್ತಿದ್ದ ಪುಟ್ಟ ಹುಡುಗಿಯ ಕಣ್ಣಲ್ಲಿ ಆಗಲೇ ಕಲೆ ಮಿನುಗುತ್ತಿತ್ತು ಎಂದು ಬರೆದಿದ್ದೀರಿ. ಅದನ್ನು ಕಂಡವರು ಯಾರು? 1909ರ ಸೆಪ್ಟೆಂಬರ್ 9ರಂದು ಧಾರವಾಡದಲ್ಲಿ ಹುಟ್ಟಿದರು, ತವರಿನ ಹೆಸರು ನಗರಕರ್, ತಂದೆ ಇಂಗ್ಲಿಷ್ ಪ್ರಾಧ್ಯಾಪಕರು ಎಂದರೆ ಸಾಕು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಮರಾಠಿ ಓದು, ಮರಾಠಿ ನಾಟಕ ಇಲ್ಲಿಯವರಿಗೆ ಹೊರಗಿನವಾಗಿರಲಿಲ್ಲ ಎಂದು ಒಂದು ಮಾತು ಸೇರಿಸಿ. ಲೀಲಾ ಅವರಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವರಾದ ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ್ದೂ ಧಾರವಾಡದಲ್ಲೇ. ಗಂಗೂಬಾಯಿಯವರನ್ನು ಹುಬ್ಬಳ್ಳಿ ಮನೆಮಗಳೆಂದು ಕೊಂಡಾಡುತ್ತದೆ, ಲೀಲಾ ಅವರ ಹೆಸರು ಎತ್ತಿದರೆ ಇಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಯಾರು ಎಂದು ಕೇಳುತ್ತಾರೆ. ಇದು ನನಗೆ ನೋವಿನ ಸಂಗತಿ. ಬೇಕಾದರೆ ಲೇಖನದಲ್ಲಿ ಬಳಸಿಕೊಳ್ಳಿ.

ತಪ್ಪುಗಳನ್ನೂ ಹೇಳಬೇಕು. ಚಿತ್ರೀಕರಣದಲ್ಲಿ ಕಪಾಳಕ್ಕೆ ಬಿದ್ದ ಏಟಿನಿಂದ ಕಣ್ಣಿಗೆ ಪೆಟ್ಟಾಗಿ ತಾಯಿ ಪಾತ್ರಗಳಿಗೆ ಇಳಿಯಬೇಕಾಯಿತು ಎಂದಿದ್ದೀರಿ. ಅದು ಇನ್ನೊಬ್ಬ ನಟಿ ಲಲಿತಾ ಪವಾರ್ ಅವರ ಬದುಕಿನಲ್ಲಿ ನಡೆದದ್ದು. ಇಬ್ಬರೂ ಮರಾಠಿ ಮಾತಿನವರು, ಇಬ್ಬರೂ ಮೊದಲು ನಾಯಕಿಯಾಗಿ ಆಮೇಲೆ ತಾಯಂದಿರಾದವರು, 1961ರ 'ಹಮ್ ದೋನೋ' ಚಿತ್ರದಲ್ಲಿ ಇಬ್ಬರೂ ಇದ್ದಾರೆ. ಗೊಂದಲವಾಗುವುದು ಸಹಜ, ಆದರೆ ಅಚ್ಚಾದ ಮೇಲೆ ಅದು ಒಬ್ಬರ ನೋವನ್ನು ಇನ್ನೊಬ್ಬರಿಗೆ ಅಂಟಿಸಿದಂತೆ. ಅವರು ರಾಜ್ ಕಪೂರ್ ತಾಯಿಯಾಗಿ ನಟಿಸಿದ 'ಆವಾರಾ' ಬಂದದ್ದು 1951ರಲ್ಲಿ, 1953ರಲ್ಲಲ್ಲ. ಇನ್ನು ಅವರನ್ನು ಪದೇಪದೇ 'ಚಾರಿತ್ರಿಕ ನಟಿ' ಎನ್ನುತ್ತೀರಿ. ಹಾಗೆಂದರೆ ಚರಿತ್ರೆಗೆ ಸಂಬಂಧಿಸಿದವರು ಎಂದಾಗುತ್ತದೆ. ಕನ್ನಡದಲ್ಲಿ ಪೋಷಕ ನಟಿ ಎನ್ನುತ್ತೇವೆ. ಕಂಪನಿ ನಾಟಕ ನೋಡಿ ಬೆಳೆದವರಂತೂ ನೇರವಾಗಿ 'ತಾಯಿ ಪಾರ್ಟು' ಎನ್ನುತ್ತಾರೆ. ಆ ಮಾತಿನಲ್ಲಿ ಕೆಲಸದ ವಾಸನೆ ಇದೆ, ನನಗೆ ಅದೇ ಇಷ್ಟ.

ದೊಡ್ಡ ದೋಷ ಬೇರೆಯೇ ಇದೆ. 'ತ್ಯಾಗಮಯಿ', 'ಮಮತೆಯ ಮೂರ್ತಿ', 'ಕಣ್ಣೀರಿನ ಕಡಲು' ಎಂಬ ಮಾತುಗಳು ಪುಟಪುಟಕ್ಕೂ ಬರುತ್ತವೆ. ಅವೆಲ್ಲ ಪರದೆಯ ಮೇಲಿನ ತಾಯಿಗೆ ಸೇರಿದವು. ನೀವು ಬರೆಯಬೇಕಾದದ್ದು ಆ ತಾಯಿಯನ್ನು ಕಟ್ಟಿ ನಿಲ್ಲಿಸಿದ ಹೆಂಗಸಿನ ಬಗ್ಗೆ. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಈಕೆ ಪದವೀಧರೆ. ದಾಂಪತ್ಯ ಮುರಿದ ಮೇಲೆ ಮಕ್ಕಳನ್ನು ಸಾಕಲು ಶಾಲೆಯಲ್ಲಿ ಪಾಠ ಹೇಳಿದರು, ಮರಾಠಿ ರಂಗಭೂಮಿಯಲ್ಲಿ ದುಡಿದರು, ಅಲ್ಲಿಂದ ಸಿನಿಮಾಕ್ಕೆ ಬಂದರು. 1939ರಲ್ಲಿ ಬಾಂಬೆ ಟಾಕೀಸ್ ಎಂಬ ಚಿತ್ರ ಕಂಪನಿಯ 'ಕಂಗನ್' ಚಿತ್ರದಲ್ಲಿ ಅಶೋಕ್ ಕುಮಾರ್ ಜೊತೆ ನಾಯಕಿಯಾದಾಗ ಅವರಿಗೆ ಮೂವತ್ತು, ನಾಯಕ ಎರಡು ವರ್ಷ ಚಿಕ್ಕವರು. ಕಣ್ಣಿನಲ್ಲಿ ಮಾತನಾಡುವುದನ್ನು ಆಕೆಯಿಂದ ಕಲಿತೆ ಎಂದು ಅಶೋಕ್ ಕುಮಾರ್ ಒಪ್ಪಿಕೊಂಡಿದ್ದರು. 'ಬಂಧನ್', 'ಝೂಲಾ' ಬಂದವು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ ಅವರೇ. 1955ರಲ್ಲಿ 'ಆಜ್ ಕೀ ಬಾತ್' ಎಂಬ ಚಿತ್ರ ನಿರ್ದೇಶಿಸಿದರು. ನಿಮ್ಮ ಲೇಖನದಲ್ಲಿ ಇದಕ್ಕೆಲ್ಲ ಸೇರಿ ಸಿಕ್ಕಿರುವುದು ನಾಲ್ಕೇ ಸಾಲು.

ಆಮೇಲಿನ ಲೆಕ್ಕ ನೋಡಿ. 1948ರ 'ಶಹೀದ್'ನಲ್ಲಿ ದಿಲೀಪ್ ಕುಮಾರ್ ತಾಯಿ, ಮಗನಿಗಿಂತ ಹದಿಮೂರು ವರ್ಷಕ್ಕೆ ಮಾತ್ರ ದೊಡ್ಡವರು. ಮುಂದೆ ಪರದೆಯ ಮೇಲೆ ಮಕ್ಕಳಾದ ರಾಜ್ ಕಪೂರ್ ಅವರಿಗಿಂತ ಹದಿನೈದು, ದೇವ್ ಆನಂದ್ ಅವರಿಗಿಂತ ಹದಿನಾಲ್ಕು. ಸಾಬೂನಿನ ಜಾಹೀರಾತಿನಿಂದ ನರೆಗೂದಲಿಗೆ ಏಳು ವರ್ಷದ ದಾರಿ. ನಮ್ಮಲ್ಲಿ ಪಂಡರೀಬಾಯಿಯವರು 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಅವರಿಗೆ ಜೋಡಿಯಾಗಿದ್ದು, ಮುಂದೆ ಅವರಿಗೇ ತಾಯಿಯಾಗಿ ನಟಿಸಿದರಲ್ಲ, ಕನ್ನಡದ ಓದುಗರಿಗೆ ಈ ಹೋಲಿಕೆ ತಟ್ಟನೆ ಮುಟ್ಟುತ್ತದೆ.

'ಆವಾರಾ' ಚಿತ್ರವೊಂದರ ಮೇಲೆಯೇ ಎರಡು ಪುಟ ಬರೆಯಿರಿ. ಶುರುವಿನಲ್ಲಿ ಅವರು ನ್ಯಾಯಾಧೀಶನ ಎಳೆಯ ಹೆಂಡತಿ, ಗಂಡನ ಪಾತ್ರದಲ್ಲಿ ಪೃಥ್ವಿರಾಜ್ ಕಪೂರ್. ಡಕಾಯಿತನೊಬ್ಬ ಹೊತ್ತೊಯ್ದು ಬಿಟ್ಟ ಹೆಂಡತಿಯನ್ನು ಗಂಡ ಅನುಮಾನಿಸಿ, ತುಂಬು ಗರ್ಭಿಣಿಯೆಂದೂ ನೋಡದೆ ಹೊರಹಾಕುತ್ತಾನೆ, ಬೀದಿಯಲ್ಲೇ ಹೆರಿಗೆಯಾಗುತ್ತದೆ. ಅದೇ ಚಿತ್ರದಲ್ಲಿ ಮುಂದೆ ಅವರು ಬೆಳೆದ ಮಗನ ಬಡ ತಾಯಿ. ಎರಡು ದಶಕದ ಮುಪ್ಪನ್ನು ಒಂದೇ ಚಿತ್ರದೊಳಗೆ ಹೊತ್ತಿದ್ದಾರೆ. ದನಿ ಎಲ್ಲಿ ಇಳಿಯಿತು, ಹೆಗಲು ಎಲ್ಲಿ ಕುಗ್ಗಿತು, ಸೆರಗು ಹೊದೆಯುವ ರೀತಿ ಎಲ್ಲಿ ಬದಲಾಯಿತು ಎಂದು ನಿಲ್ಲಿಸಿ ನಿಲ್ಲಿಸಿ ನೋಡಿ. ಕಂಡದ್ದನ್ನಷ್ಟೇ ಬರೆಯಿರಿ. ಒಂದು ಗುಣವಾಚಕವೂ ಬೇಕಾಗುವುದಿಲ್ಲ.

ಕೊನೆಯ ಪುಟದ 'ಪರದೇಶದಲ್ಲಿ ಅನಾಥ ಸಾವು' ಎಂಬ ಮಾತು ಹೊಡೆದುಹಾಕಿ. ಇಳಿವಯಸ್ಸಿನಲ್ಲಿ ಮಕ್ಕಳಿದ್ದ ಅಮೆರಿಕಕ್ಕೆ ಹೋದರು, 2003ರಲ್ಲಿ ತೊಂಬತ್ತಮೂರರ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ತುಂಬು ಬಾಳು ಬಾಳಿದವರನ್ನು ನಾವು ಅನಾಥರೆನ್ನಬಾರದು. 1981ರಲ್ಲಿ ಬಂದ ಅವರ ಮರಾಠಿ ಆತ್ಮಕಥೆ 'ಚಂದೇರಿ ದುನಿಯೇತ' ನೀವು ಓದಿದಂತಿಲ್ಲ. ನಿಮಗೆ ಮರಾಠಿ ಬಾರದಿದ್ದರೆ ಚಿಂತೆ ಬೇಡ, ಓದಿ ಹೇಳುವ ಹಿರಿಯರು ಧಾರವಾಡದಲ್ಲಿ ಇನ್ನೂ ಇದ್ದಾರೆ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ಸಾಲಿಗೆ ಬರುತ್ತೇನೆ. ಒಂಬತ್ತನೆಯ ಪುಟದ ಮಧ್ಯದಲ್ಲಿ ಅದನ್ನು ಅಡಗಿಸಿಟ್ಟಿದ್ದೀರಿ. ಭಾನುವಾರ ಸಂಜೆ ದೂರದರ್ಶನದಲ್ಲಿ 'ಆವಾರಾ' ಬಂದಾಗ ನಿಮ್ಮ ಅಜ್ಜಿ ಶೇಂಗಾ ಸುಲಿಯುತ್ತಾ ಕುಳಿತಿದ್ದರು. ಮನೆಯವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವರು ಮಾತ್ರ ಮೊರದಿಂದ ಕೈ ಎತ್ತಿ, "ಈ ಎಳೆಯವಳ ಕೂದಲಿಗೆ ಹಿಟ್ಟು ಹಚ್ಚಿದವರು ಯಾರು?" ಎಂದು ಕೇಳಿದರು. ಹನ್ನೊಂದು ಪುಟದಲ್ಲಿ ಲೀಲಾ ಚಿಟ್ಣಿಸ್ ಅವರನ್ನು ಸರಿಯಾಗಿ ಕಂಡವರು ನಿಮ್ಮ ಅಜ್ಜಿ ಒಬ್ಬರೇ. ಲೇಖನ ಅಲ್ಲಿಂದ ಶುರುವಾಗಲಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ, ಆರು ಪುಟ ಮೀರದಿರಲಿ.

ಅಜ್ಜಿ ಇದ್ದಾರೆಂದು ನಿಮ್ಮ ಪತ್ರದಿಂದ ತಿಳಿದು ಸಂತೋಷವಾಯಿತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರವನ್ನು ಇನ್ನೊಮ್ಮೆ ನೋಡಿ, ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಿ. ದೀಪಾವಳಿಯ ಒಳಗೆ ಕಳಿಸಿದರೆ ನಾನೇ ಮೊದಲು ಓದುತ್ತೇನೆ.