ಮಲ್ಪೆಯಿಂದ ಮಂಗಳೂರಿಗೆ ಮೀನು ಸಾಗಿಸುವ ಪಿಕಪ್‌ಗೆ ಏರ್ ಸಸ್ಪೆನ್ಶನ್ ಒಳ್ಳೆಯದೋ, ಪ್ಲೇಟೇ ಸಾಕೋ?

ದಿನಾ ಮೀನಿನ ಲೋಡ್ ಆದರೆ ಪ್ಲೇಟೇ, ಅಂದರೆ ಲೀಫ್ ಸ್ಪ್ರಿಂಗೇ ಇರಲಿ. ಬೊಲೆರೊ ಪಿಕಪ್, ಹೈಲಕ್ಸ್, ವಿ-ಕ್ರಾಸ್ ಎಲ್ಲದರ ಹಿಂದೆಯೂ ಅದೇ ಇದೆ. ನಡುವಿನ ಒಂದು ಪ್ಲೇಟು ತುಂಡಾದರೂ ನಿಧಾನಕ್ಕೆ ಗ್ಯಾರೇಜ್ ಸೇರಬಹುದು; ಏರ್ ಸಸ್ಪೆನ್ಶನ್ನಿನ ಏರ್ ಬ್ಯಾಗ್, ಅಂದರೆ ಸ್ಪ್ರಿಂಗಿನ ಬದಲು ಇರುವ ಗಾಳಿ ತುಂಬಿದ ರಬ್ಬರ್ ಚೀಲ, ಒಡೆದರೆ ಗಾಡಿ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಯ ಮೇಲೆ ಕೂತುಬಿಡುತ್ತದೆ.

ಪೂರ್ತಿ ಏರ್ ಸಸ್ಪೆನ್ಶನ್ ಖಾಲಿ ಗಾಡಿಯಲ್ಲೂ ಕುಲುಕುವುದಿಲ್ಲ, ಲೋಡ್ ಹಾಕಿದರೂ ಹಿಂಭಾಗ ಕುಸಿಯುವುದಿಲ್ಲ. ನಿಜ. ಆದರೆ ಗಾಳಿ ತುಂಬುವ ಕಂಪ್ರೆಸರ್, ಗಾಳಿಯ ತೇವ ತೆಗೆಯುವ ಡ್ರೈಯರ್, ಗಾಡಿಯ ಎತ್ತರ ಅಳೆಯುವ ಹೈಟ್ ಸೆನ್ಸರ್, ಪೈಪು ಎಲ್ಲವೂ ನಮ್ಮ ಉಪ್ಪುಗಾಳಿಯಲ್ಲೇ ಬದುಕಬೇಕು! ಬ್ಯಾಗಿನ ಮಡಿಕೆಯಲ್ಲಿ ಮರಳು, ಕೆಸರು ಸೇರಿ ರಬ್ಬರ್ ಸವೆದು ಸಣ್ಣಗೆ ಸೋರುತ್ತದೆ. ಅದನ್ನು ತುಂಬಿಸಲು ಕಂಪ್ರೆಸರ್ ಪದೇ ಪದೇ ಓಡಿ ಕೊನೆಗೆ ಸುಟ್ಟುಹೋಗುತ್ತದೆ. ಅನುಮಾನ ಬಂದರೆ ಸೋಪುನೀರು ಹಚ್ಚಿ, ಸೋರುವಲ್ಲಿ ಗುಳ್ಳೆ ಏಳುತ್ತದೆ.

ಪ್ಲೇಟಿನ ಜೊತೆಗೇ ಹಾಕುವ ಹೆಲ್ಪರ್ ಏರ್ ಬ್ಯಾಗ್ ಮಧ್ಯದ ದಾರಿ. ಖಾಲಿ ಓಡುವಾಗಲೂ ಕನಿಷ್ಠ 5 ಪಿಎಸ್‌ಐ ಇರಲಿ, ಇಲ್ಲದಿದ್ದರೆ ರಬ್ಬರ್ ಮಡಚಿ ಹರಿಯುತ್ತದೆ. ಲೋಡ್ ಆದ ಮೇಲೆ ಗಾಡಿ ಸಮಕ್ಕೆ ಬರುವಷ್ಟು ತುಂಬಿ. ಸಾಮಾನ್ಯ ಕಿಟ್‌ಗಳ ಗರಿಷ್ಠ ಮಿತಿ 100 ಪಿಎಸ್‌ಐ. ಇದರಿಂದ ಆರ್‌ಸಿಯಲ್ಲಿರುವ ತೂಕದ ಮಿತಿ ಏರುವುದಿಲ್ಲ. ಆಕ್ಸಲ್, ಬ್ರೇಕ್, ಟೈರ್ ಹಳೆಯವೇ ತಾನೆ?

ಪ್ಲೇಟಿಗೂ ಆರೈಕೆ ಬೇಕು. ಕ್ರೇಟಿನಿಂದ ಸೋರುವ ಉಪ್ಪುನೀರು ಪ್ಲೇಟುಗಳ ನಡುವೆ ತುಕ್ಕು ಹಿಡಿಸುತ್ತದೆ. ಆಗಾಗ ಸಿಹಿನೀರಲ್ಲಿ ತೊಳೆಯಿರಿ, ಪ್ಲೇಟಿನ ತುದಿಯ ಕೊಂಡಿಯಲ್ಲಿರುವ ಶ್ಯಾಕಲ್ ಬುಶ್ ನೋಡಿ, ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಬಿಗಿ ಮಾಡಿಸಿ. ಅದು ಸಡಿಲವಾದರೆ ಪ್ಲೇಟುಗಳನ್ನು ನಡುವೆ ಜೋಡಿಸಿರುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿಯುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ.