ಪಟ್ಟಿಯಲ್ಲಿ ಯಾರ ಹೆಸರಿದೆ?

ಚಿತ್ತಾಪುರ ತಾಲೂಕಿನ ಹಳ್ಳಿಯೊಂದರಿಂದ ಅಕ್ಕ ಒಬ್ಬಳು ತಮ್ಮನ ಸಲುವಾಗಿ ನಾಲ್ಕು ಪುಟ ಬರೆದಿದ್ದಾಳೆ. ಮೂರೂವರೆ ಪುಟದವರೆಗೆ ಇದು ಮನೆ ನೆನೆಸಿ ಅಳುವ ಹುಡುಗನ ಕತೆ. ಕೊನೆಯ ಅರ್ಧ ಪುಟದಲ್ಲಿರುವ ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು.

ವಿಷಯ ಇಷ್ಟು. ತಮ್ಮನಿಗೆ ಇಪ್ಪತ್ತು ವರ್ಷ. ಅಗ್ನಿವೀರನಾಗಿ ನೌಕಾಪಡೆ ಸೇರಿದ. ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿ ಈಗ ಮುಂಬಯಿಯ ಹಡಗೊಂದರಲ್ಲಿದ್ದಾನೆ. ರಜೆಗೆ ಬಂದವನು ಹೊಳ್ಳಿ ಹೋಗುವುದಿಲ್ಲ ಎಂದು ಕೂತಿದ್ದಾನೆ. ರಜೆ ಮುಗಿಯಲು ಇನ್ನು ಹನ್ನೆರಡು ದಿನ. ಅವ್ವ "ಇರಲಿ ಬಿಡು, ತೊಗರಿ ಹೊಲ ಐತಿ" ಎನ್ನುತ್ತಾಳೆ. ಕಾಕಾ "ಮಿಲಿಟ್ರಿ ಅಂದ್ರ ಹಿಂಗೇ, ತಡಕೊಂಡ್ರ ಗಂಡಸಾಗ್ತಾನ" ಎನ್ನುತ್ತಾರೆ. ಇದು ಶಿಸ್ತೋ, ಕಿರುಕುಳವೋ ಎಂಬುದು ಅಕ್ಕನ ಪ್ರಶ್ನೆ.

ತಂಗೆವ್ವಾ, ನೀನು ಬರೆದ ದೂರುಗಳಲ್ಲಿ ಅರ್ಧಕ್ಕೆ ನನ್ನಲ್ಲಿ ಕನಿಕರ ಇಲ್ಲ. ನಸುಕಿನಲ್ಲಿ ಎಬ್ಬಿಸುತ್ತಾರೆ, ಪಾಯಿಖಾನೆ ತೊಳೆಸುತ್ತಾರೆ, ಇಸ್ತ್ರಿಯ ಗೆರೆ ಸೊಟ್ಟಗಿದ್ದರೆ ಮತ್ತೆ ಮಾಡಿಸುತ್ತಾರೆ, ಸಮುದ್ರದಲ್ಲಿದ್ದಾಗ ಫೋನಿಲ್ಲ, ಸಾಲಿನಲ್ಲಿ ನಿಲ್ಲಿಸಿ ಒದರುತ್ತಾರೆ. ಇದೆಲ್ಲ ನೌಕರಿ. ಎಂಜಿನ್ ರೂಮಿಗೆ ಬೆಂಕಿ ಬಿತ್ತೆನ್ನು. ಜನರನ್ನು ಹೊರಗೆ ಕರೆದು, ಎಣಿಸಿ, ಬಾಗಿಲು ಬಿಗಿದು, ಒಳಗೆ ಬೆಂಕಿ ಆರಿಸುವ ಅನಿಲ ಬಿಡಬೇಕು. ಬಾಗಿಲು ಬಿಗಿಯಲು ತಡವಾದರೆ ಅನಿಲ ಸೋರಿ ಬೆಂಕಿ ಉಳಿಯುತ್ತದೆ. ಎಣಿಕೆ ತಪ್ಪಿದರೆ ಒಳಗುಳಿದವನು ಉಸಿರುಗಟ್ಟಿ ಸಾಯುತ್ತಾನೆ. ಅಲ್ಲಿ "ಯಾಕೆ ಸಾರ್?" ಎಂದು ಕೇಳುತ್ತ ನಿಲ್ಲುವಷ್ಟು ಪುರಸೊತ್ತು ಇರುವುದಿಲ್ಲ. ಕೂಗಿದ ಕೂಡಲೇ ಕೈ ಏಳುವ ಅಭ್ಯಾಸ ಆಗಲೆಂದೇ ದಿನವೂ ಆ ಒದರಾಟ.

ಇನ್ನು ನೀನು "ಅದಿರಲಿ" ಎಂದು ದಾಟಿಸಿಬಿಟ್ಟ ಸಾಲಿಗೆ ಬರೋಣ. "ಹನ್ನೊಂದು ರಾತ್ರಿ ಬಿಡದೆ ಹನ್ನೆರಡರಿಂದ ನಾಲ್ಕರ ಪಾಳಿ ಇವನೇ ನಿಂತಾನ, ಪಟ್ಟಿಯೊಳಗ ಮಾತ್ರ ಸೀನಿಯರ್ ಹೆಸರು ಇರ್ತದಂತ."

ಅದಿರಲಿ ಅಂದರೆ ಹೇಗೆ? ಪ್ರಕರಣ ಇರುವುದೇ ಅಲ್ಲಿ. ಹಡಗಿನ ಕಾವಲನ್ನು ನಾಲ್ಕು ನಾಲ್ಕು ತಾಸಿನಂತೆ ಹಂಚಿದರೆ ದಿನಕ್ಕೆ ಆರು ಪಾಳಿ. ಮೂರು ತಂಡಗಳಿದ್ದರೆ ಪ್ರತಿ ರಾತ್ರಿ ಅದೇ ತಂಡಕ್ಕೆ ಅದೇ ನಡುರಾತ್ರಿ. ಅದಕ್ಕೇ ಹಳೆಯ ಕಾಲದ ನಾವಿಕರು ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ತಾಸಾಗಿ ಸೀಳಿ, ಡಾಗ್ ವಾಚ್ ಎಂದು ಹೆಸರಿಟ್ಟು, ಏಳು ಪಾಳಿ ಮಾಡಿದರು. ಏಳು ಮೂರರಿಂದ ಭಾಗವಾಗುವುದಿಲ್ಲ. ಸರದಿ ದಿನಕ್ಕೊಂದು ಮೆಟ್ಟಿಲು ಸರಿಯುತ್ತದೆ, ನಡುರಾತ್ರಿ ಮೂರು ದಿನಕ್ಕೊಮ್ಮೆ ಬರುತ್ತದೆ. ಒಬ್ಬನ ಬೆನ್ನ ಮೇಲೇ ಭಾರ ಬೀಳದಂತೆ ಲೆಕ್ಕ ಹಾಕಿಟ್ಟದ್ದೂ ಶಿಸ್ತೇ. ಅದನ್ನು ಮುರಿದವನು ಆ ಸೀನಿಯರ್. ಪಟ್ಟಿಯಲ್ಲಿ ಅವನ ಹೆಸರು, ಕಾವಲಿಗೆ ನಿನ್ನ ತಮ್ಮ. ಹನ್ನೆರಡನೆಯ ರಾತ್ರಿ ಹುಡುಗ ತೂಕಡಿಸಿದರೆ ಕಾವಲಿನಲ್ಲಿ ಮಲಗಿದ ಅಪರಾಧ ಹುಡುಗನ ತಲೆಗೆ. ಎಲ್ಲೋ ನೀರು ನುಗ್ಗಿದರೆ ಕಾವಲಿನಲ್ಲಿ ಯಾರಿದ್ದರೆಂಬುದೇ ಕಾಗದದಲ್ಲಿ ಸುಳ್ಳು.

ಬರೆದಿಟ್ಟದ್ದು ಶಿಸ್ತು, ಬರೆಯಲು ಅಂಜುವುದು ಕಿರುಕುಳ. ನಿಜವಾದ ಶಿಕ್ಷೆಗೆ ಆರೋಪ, ವಿಚಾರಣೆ, ದಾಖಲೆ ಇರುತ್ತವೆ. ಸೀನಿಯರ್‌ನ ಬನಿಯನ್ ಒಗೆಯುವುದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಮ್ಮಿಲ್ಲ.

ಈಗ ಕಾಕಾ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕಳೆದವರು, ಹಡಗು ಕಂಡವರಲ್ಲ. ಹುಡುಗ ಮೊದಲ ಸಲ ಬಾಯಿಬಿಟ್ಟಾಗ ನಕ್ಕವರು ಅವರೇ. ಆ ಸೀನಿಯರ್‌ಗಿಂತ ನನಗೆ ಇವರ ಮೇಲೇ ಸಿಟ್ಟು ಜಾಸ್ತಿ. ಅಂಥ ಸೀನಿಯರ್‌ಗಳ ಧೈರ್ಯವೆಲ್ಲ ಊರಲ್ಲಿರುವ ಇಂಥ ಕಾಕಾಗಳಿಂದಲೇ ಬರುವುದು. ಮೇಲಾಗಿ ಈಗ ಶಾಸಕರಿಂದ ಫೋನ್ ಮಾಡಿಸುತ್ತಾರಂತೆ. ಬೇಡ. ಹೊರಗಿನ ಪ್ರಭಾವ ತರುವುದು ಸೇನೆಯಲ್ಲಿ ತಪ್ಪು. ಹುಡುಗನ ಹೆಸರೇ ಕೆಡುತ್ತದೆ. ವಿಡಿಯೋ ಹಾಕುವುದೂ ಬೇಡ. 2017ರಲ್ಲಿ ಊಟದ ವಿಡಿಯೋ ಹಾಕಿದ ಗಡಿ ಭದ್ರತಾ ಪಡೆಯ ಜವಾನ ಕೆಲಸ ಕಳೆದುಕೊಂಡ. ಗೆಳೆಯರೆಲ್ಲ ಸೇರಿ ಒಂದೇ ಅರ್ಜಿಗೆ ಸಹಿ ಹಾಕುವುದಂತೂ ಬೇಡವೇ ಬೇಡ, ಗುಂಪು ದೂರನ್ನು ಗುಂಪು ಅವಿಧೇಯತೆ ಎಂದೇ ಓದುತ್ತಾರೆ. ಯಾರದ್ದು ಅವರೇ ಬರೆಯಬೇಕು. (ಬೈಗುಳ ಮತ್ತು ಕೆಟ್ಟ ಊಟವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಮುಂಬಯಿಯ ತಲ್ವಾರ್ ನೆಲೆಯ ನಾವಿಕರು 1946ರ ಫೆಬ್ರುವರಿ 18ರಂದು ಮುಷ್ಕರ ಹೂಡಿ ಬ್ರಿಟಿಷರಿಗೆ ತೋರಿಸಿದ್ದರು. ಅಧಿಕಾರಿಗಳಿಗೂ ಅದು ಗೊತ್ತು.)

ಅವ್ವನ ಮಾತಿಗೆ ಸಂಕಟವಾಗುತ್ತದೆ, ಆದರೆ ಒಪ್ಪಲಾರೆ. ರಜೆ ಮುಗಿದ ಮೇಲೆ ಮನೆಯಲ್ಲಿ ಉಳಿದರೆ ಮೊದಲು ಗೈರುಹಾಜರಿ, ಆಮೇಲೆ ಪಲಾಯನ. ಊರಿನ ಪೊಲೀಸ್ ಠಾಣೆಗೆ ಕಾಗದ ಬರುತ್ತದೆ. ನಾಲ್ಕು ವರ್ಷ ಮುಗಿಸಿದವರಿಗೆ ಸಿಗುವ ಸುಮಾರು 10 ಲಕ್ಷದ ಸೇವಾ ನಿಧಿಯ ಆಸೆ ಬಿಡಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ಮಾಡಿದವನು ಆರಾಮಾಗಿರುತ್ತಾನೆ, ಅಪರಾಧಿ ಇವನಾಗುತ್ತಾನೆ.

ಆದ್ದರಿಂದ ಮಾಡಬೇಕಾದದ್ದು ಒಂದೇ. ನಿನ್ನ ತಮ್ಮ ಹೊತ್ತಿಗೆ ಸರಿಯಾಗಿ ಹಾಜರಾಗಿ, ಮೊದಲ ದಿನವೇ ತನ್ನ ಡಿವಿಷನಲ್ ಆಫೀಸರನ್ನು ಕಾಣಲು ರಿಕ್ವೆಸ್ಟ್ ಹಾಕಲಿ. ಪ್ರತಿ ನಾವಿಕನ ಯೋಗಕ್ಷೇಮಕ್ಕೆ ಹೀಗೆ ಒಬ್ಬ ಅಧಿಕಾರಿ ಇರುತ್ತಾರೆ, ಅವರ ಕೆಲಸವೇ ಅದು. ವಿಷಯ ವೈಯಕ್ತಿಕ ಎಂದು ಬರೆದರೆ ಸಾಕು. ಎದುರಿಗೆ ನಿಂತಾಗ "ನನಗೆ ತ್ರಾಸ ಕೊಡ್ತಾರ" ಎಂದು ಶುರು ಮಾಡಿದರೆ ಕೆಟ್ಟ. ಕಾಕಾನಂಥವರು ಅಲ್ಲೂ ಇರುತ್ತಾರೆ. ತಾರೀಕು, ಪಾಳಿಯ ಹೊತ್ತು, ಪಟ್ಟಿಯಲ್ಲಿದ್ದ ಹೆಸರು, ನಿಂತವನ ಹೆಸರು, ಹೇಳಿದವರು ಯಾರು, ಕೇಳಿಸಿಕೊಂಡವರು ಯಾರು, ಹನ್ನೊಂದು ರಾತ್ರಿಗೆ ಹನ್ನೊಂದು ಸಾಲು. ಬೈಗುಳಕ್ಕೆ ಸಾಕ್ಷಿ ಹುಡುಕುವುದು ಕಷ್ಟ, ಪಾಳಿಗೆ ಸುಲಭ. ಪಟ್ಟಿಯ ಫೋಟೋ ಮಾತ್ರ ತೆಗೆಯಬಾರದು, ಹಡಗಿನೊಳಗೆ ಫೋಟೋ ತೆಗೆದರೆ ಅದೇ ಬೇರೆ ಕೇಸಾಗುತ್ತದೆ. ಅಲ್ಲಿ ಕಿವಿಗೊಡದಿದ್ದರೆ 1957ರ ನೌಕಾಪಡೆ ಕಾಯ್ದೆಯ 23ನೇ ಕಲಂ ಇದೆ. ಮೇಲಿನವರಿಂದ ದಬ್ಬಾಳಿಕೆ ಆಯಿತೆಂದು ದೂರು ಕೊಡುವ ಹಕ್ಕು, ತೃಪ್ತಿಯಾಗದಿದ್ದರೆ ಕೇಂದ್ರ ಸರ್ಕಾರದವರೆಗೆ.

ಇನ್ನೊಂದು. ಮನೆಯಲ್ಲೂ ರಾತ್ರಿ ಹನ್ನೆರಡಕ್ಕೆ ಎದ್ದು ಮಾಳಿಗೆ ಮೇಲೆ ಕೂಡುತ್ತಾನೆ ಎಂದಿದ್ದೀಯ. ಇವತ್ತೇ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅವನಿಂದ ಫೋನ್ ಮಾಡಿಸು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜೀವ ಬೇಡವಾಗಿದೆ ಎಂಬ ಮಾತೇನಾದರೂ ಅವನ ಬಾಯಿಂದ ಬಂದರೆ ಒಬ್ಬನನ್ನೇ ಬಿಡಬೇಡ, ರೈಲು ಹತ್ತಿಸುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿ. ಕಾಯಿಲೆಯಾದರೆ ಹಡಗಿಗೆ ತಿಳಿಸಿ ರಜೆ ಮುಂದುವರಿಸಿ ಕೇಳುವ ದಾರಿ ಇದೆ.

ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಒಂದು ದಿನ ಮುಂಚಿನದೇ ಟಿಕೆಟ್ ತೆಗೆಸು. ಆ ಹನ್ನೊಂದು ಸಾಲನ್ನು ಮನೆಯಲ್ಲೇ, ನಿನ್ನ ಎದುರಿಗೇ ಬರೆಯಲಿ. ಕಲಬುರಗಿ ಸ್ಟೇಷನ್‌ಗೆ ನೀನೇ ಹೋಗು. ಕಾಕಾ ಮನೆಯಲ್ಲಿರಲಿ.