ಅಡುಗೆಮನೆಯ ಪ್ರಶ್ನೋತ್ತರ: ಪಾಸ್ತಾಕ್ಕೆ ಬೊಲೊನ್ಯಾದ ಮಾಂಸದ ರಗು

ಇಟಲಿಯ ಮಾಂಸದ ಸಾಸ್ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಒಂದೇ ರೀತಿಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಹೋಟೆಲಿನಲ್ಲಿ ‘ಸ್ಪಗೆಟಿ ಬೊಲೊನೇಸ್’ ಕೇಳಿದರೆ ಟೊಮೆಟೊ ಗೊಜ್ಜಿನಲ್ಲಿ ಚೂರು ಕೈಮ ತೇಲಿಸಿ ಕೊಡುತ್ತಾರೆ. ಬೊಲೊನ್ಯಾದ ಮನೆಗಳಲ್ಲಿ ಮಾಡುವುದೂ ಹೀಗೆಯೇ? ನಾಲ್ಕೈದು ಜನಕ್ಕೆ ಅಳತೆ ಸಹಿತ ತಿಳಿಸಿ. (ದಾವಣಗೆರೆ)

ಖಂಡಿತ ಹೀಗಲ್ಲ. ಇಟಲಿಯ ಬೊಲೊನ್ಯಾ ನಗರದಲ್ಲಿ ಇದಕ್ಕೆ ರಗು ಎನ್ನುತ್ತಾರೆ. ಅದು ಮಾಂಸದ ಅಡುಗೆ. ಟೊಮೆಟೊ ಅದರಲ್ಲಿ ನಮ್ಮ ಸಾರಿನ ಹುಣಸೆಹಣ್ಣಿನಷ್ಟೇ, ರುಚಿಗೆ ಬೇಕು, ಮುಂದೆ ನಿಲ್ಲಬಾರದು. ಇಟಲಿಯ ಪಾಕಶಾಸ್ತ್ರ ಅಕಾಡೆಮಿ 1982ರ ಅಕ್ಟೋಬರ್ 17ರಂದು ರಗುವಿನ ಪಾಕವನ್ನು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿತು. 2023ರಲ್ಲಿ ಅದನ್ನು ತಿದ್ದಿ ಮತ್ತೆ ನೋಂದಾಯಿಸಿದರು. ಹೊಸ ಪಾಕದ ಅಳತೆ ಹೀಗಿದೆ: ದಪ್ಪಗೆ ಕೊಚ್ಚಿದ ದನದ ಮಾಂಸ 400 ಗ್ರಾಂ, ಪಂಚೆಟ್ಟಾ ಅಂದರೆ ಹಂದಿಯ ಹೊಟ್ಟೆಭಾಗದ ಕೊಬ್ಬುಮಾಂಸ 150 ಗ್ರಾಂ, ಈರುಳ್ಳಿ, ಕ್ಯಾರೆಟ್, ಸೆಲರಿ ತಲಾ 60 ಗ್ರಾಂ, ಅರ್ಧ ಲೋಟ ವೈನ್, ಸೋಸಿದ ಟೊಮೆಟೊ ರಸ 200 ಗ್ರಾಂ, ಗಟ್ಟಿ ಟೊಮೆಟೊ ಪೇಸ್ಟ್ 1 ದೊಡ್ಡ ಚಮಚ, ಆಲಿವ್ ಎಣ್ಣೆ 3 ದೊಡ್ಡ ಚಮಚ, ಬೇಕಿದ್ದರೆ ಒಂದು ಲೋಟ ಹಾಲು, ಮಾಂಸ ಅಥವಾ ತರಕಾರಿ ಬೇಯಿಸಿದ ತೆಳು ಸಾರು, ಉಪ್ಪು, ಕಾಳುಮೆಣಸು. ಮಾಂಸವೆಲ್ಲ ಸೇರಿ 550 ಗ್ರಾಂ, ಟೊಮೆಟೊ ಅದರ ಅರ್ಧವೂ ಇಲ್ಲ ಎಂಬುದನ್ನು ಗಮನಿಸಿ.

ಪಂಚೆಟ್ಟಾವನ್ನು ಸಣ್ಣಗೆ ಕೊಚ್ಚಿ, ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ 7–8 ನಿಮಿಷ ಬಿಡಿ. ಕೊಬ್ಬು ಕರಗಿ ತಳದಲ್ಲಿ ನಿಲ್ಲಬೇಕು, ಚೂರುಗಳು ಗರಿಯಾಗಬಾರದು. ಮೂರೂ ತರಕಾರಿಗಳನ್ನು ಸಾಸಿವೆಗಿಂತ ತುಸು ದೊಡ್ಡದಾಗಿ, ಕೈಯಿಂದಲೇ ಹೆಚ್ಚಿ ಸೇರಿಸಿ. ಮಿಕ್ಸಿಗೆ ಹಾಕಿದರೆ ನೀರು ಬಿಟ್ಟು ಹುರಿಯುವ ಬದಲು ಬೇಯುತ್ತವೆ. 10–12 ನಿಮಿಷದಲ್ಲಿ ಈರುಳ್ಳಿ ಗಾಜಿನ ಹಾಗೆ ಪಾರದರ್ಶಕವಾಗಿ, ಹಸಿ ವಾಸನೆ ಹೋಗಿ ಸಿಹಿ ಪರಿಮಳ ಬರುತ್ತದೆ. ಬಿರಿಯಾನಿಗೆ ಹುರಿದಂತೆ ಕೆಂಪಗಾಗಬಾರದು. ಮೂರು ಗಂಟೆ ಬೆಂದ ಮೇಲೆ ಆ ಕೆಂಪು ಕಹಿಯಾಗುತ್ತದೆ.

ಈಗ ಉರಿ ದೊಡ್ಡದು ಮಾಡಿ ಮಾಂಸ ಹಾಕಿ, 10 ನಿಮಿಷ ಹುರಿಯಿರಿ. ವೈನ್ ಸುರಿದು ಅದರ ಘಾಟು ಪೂರ್ತಿ ಹೋಗುವವರೆಗೆ ಬತ್ತಿಸಿ. ಪೇಸ್ಟನ್ನು ತಳದ ಕೊಬ್ಬಿನಲ್ಲೇ ಎರಡು ನಿಮಿಷ ಬಾಡಿಸಿ, ಟೊಮೆಟೊ ರಸ, ಒಂದು ಲೋಟ ಬಿಸಿ ಸಾರು ಹಾಕಿ. ಮುಚ್ಚಳ ಓರೆ ಮಾಡಿಟ್ಟು ಕನಿಷ್ಠ ಎರಡು ಗಂಟೆ, ಸಾಧ್ಯವಾದರೆ ಮೂರು ಗಂಟೆ ಬೇಯಿಸಿ. ಬತ್ತಿದಾಗಲೆಲ್ಲ ಬಿಸಿ ಸಾರನ್ನೇ ಸ್ವಲ್ಪ ಸ್ವಲ್ಪ ಸೇರಿಸಿ. ಹಾಲು ಅರ್ಧ ದಾರಿಯಲ್ಲಿ, ಉಪ್ಪು ಕೊನೆಯಲ್ಲಿ. ಮೊದಲೇ ಉಪ್ಪು ಸರಿನೋಡಿ ಹಾಕಿದರೆ ಬತ್ತಿದ ಮೇಲೆ ಉಪ್ಪುಪ್ಪಾಗುತ್ತದೆ.

ಉರಿಯ ವಿಷಯದಲ್ಲಿ ಒಂದು ಮಾತು. ನಮ್ಮ ಗ್ಯಾಸ್ ಒಲೆಯ ಅತಿ ಸಣ್ಣ ಉರಿಯೂ ಈ ಅಡುಗೆಗೆ ಜಾಸ್ತಿಯೇ. ದಮ್ ಕಟ್ಟುವಾಗ ಮಾಡುವಂತೆ ಪಾತ್ರೆಯ ಕೆಳಗೆ ದೋಸೆ ಹಂಚು ಇಡಿ. ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದು ಒಡೆಯಬೇಕು, ಅಷ್ಟೇ ಕುದಿ ಸಾಕು. ಎಣ್ಣೆ ಹಚ್ಚಿ ಪಳಗಿಸಿದ ಬೀಡಿನ ಬಾಣಲೆ ಇದಕ್ಕೆ ಬೇಡ. ಟೊಮೆಟೊ ಹುಳಿ ಗಂಟೆಗಟ್ಟಲೆ ಅದರಲ್ಲಿ ಬೆಂದರೆ ಕಬ್ಬಿಣದ ರುಚಿ ಬರುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆ, ಮಣ್ಣಿನ ಪಾತ್ರೆ ಅಥವಾ ಎನಾಮಲ್ ಪಾತ್ರೆ ಇರಲಿ.

ಮಾಂಸ ಹುರಿಯಲು ಹೋದರೆ ನೀರು ಬಿಟ್ಟುಕೊಂಡು ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೇಯಿಸಿದ ವಾಸನೆ ಬರುತ್ತದೆ. ತಪ್ಪೆಲ್ಲಿ? (ಶಿವಮೊಗ್ಗ, ಹಾಸನ ಮತ್ತು ಇತರರು)

ರಗು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಪಾತ್ರೆಯಲ್ಲಿ ನೀರು ನಿಂತಿರುವ ತನಕ ಮಾಂಸದ ಮೈ 100 ಡಿಗ್ರಿ ದಾಟುವುದಿಲ್ಲ. ಕಂದುಬಣ್ಣ, ಹುರಿದ ಪರಿಮಳ ಚೆನ್ನಾಗಿ ಬರಲು ಸುಮಾರು 140 ಡಿಗ್ರಿ ಬೇಕು. ಅರ್ಧ ಕಿಲೋ ತಣ್ಣನೆ ಕೈಮವನ್ನು ಒಂದೇ ಸಲ ಚಿಕ್ಕ ಪಾತ್ರೆಗೆ ಸುರಿದರೆ ತಳದ ಕಾವು ಇಳಿದುಹೋಗುತ್ತದೆ. ರಸ ಆವಿಯಾಗುವುದಕ್ಕಿಂತ ವೇಗವಾಗಿ ಹೊರಗೆ ಬರುತ್ತದೆ, ಆಮೇಲೆ ಮಾಂಸ ತನ್ನ ನೀರಿನಲ್ಲೇ ಬೇಯುತ್ತದೆ.

ಫ್ರಿಜ್‌ನಿಂದ ತೆಗೆದು 20 ನಿಮಿಷ ಹೊರಗಿಡಿ. ತೊಳೆದ ಕೈಮವಾದರೆ ಜರಡಿಗೆ ಹಾಕಿ ಬಸಿದು, ಬಟ್ಟೆಯಲ್ಲಿ ಒತ್ತಿ. ತರಕಾರಿಯನ್ನು ಬೇರೆ ತಟ್ಟೆಗೆ ತೆಗೆದಿಟ್ಟು, ಅಗಲವಾದ ಬಾಣಲೆಯಲ್ಲಿ ಒಂದು ಸಲಕ್ಕೆ 200–250 ಗ್ರಾಂ ಮಾತ್ರ ತೆಳುವಾಗಿ ಹರಡಿ. ಹರಡಿದ ಮೇಲೆ ಎರಡು ನಿಮಿಷ ಸೌಟು ಮುಟ್ಟಲೇಬೇಡಿ. ಇಲ್ಲಿ ಕಿವಿಯೇ ನಿಮಗೆ ಅಳತೆ. ಮೊದಲು ‘ಚರ್’ ಎಂಬ ಸದ್ದು, ನೀರು ಬಂದಾಗ ಅದು ಅಡಗಿ ಕೊತಕೊತ ಕುದಿಯುವ ಸದ್ದು, ನೀರು ಬತ್ತಿದಾಗ ಚಟಪಟ ಸಿಡಿಯುವ ಸದ್ದು. ಆ ಮೂರನೆಯ ಸದ್ದು ಕೇಳಿಸಿದ ಮೇಲೂ ಮೂರ್ನಾಲ್ಕು ನಿಮಿಷ ತಾಳಿ. ತಳದಲ್ಲಿ ಕಾಫಿ ಬಣ್ಣದ ಪದರು ಕಟ್ಟುತ್ತದೆ. ಅದು ಸೀದದ್ದಲ್ಲ, ರಗುವಿನ ರುಚಿಯೆಲ್ಲ ಅದರಲ್ಲೇ ಇದೆ. ವೈನ್ ಅಥವಾ ಸಾರು ಹಾಕಿ ಮರದ ಸೌಟಿನಿಂದ ಕೆರೆದು ಬಿಡಿಸಿ. ಪದರು ಕಪ್ಪಗಾಗಿ ಕಹಿ ವಾಸನೆ ಬಂದರೆ ಮಾತ್ರ ಮಾಂಸವನ್ನು ಬೇರೆ ಪಾತ್ರೆಗೆ ಬದಲಾಯಿಸಿ, ತಳ ಕೆರೆಯಬೇಡಿ.

ಅಂಗಡಿಯವರಿಗೆ ಕೈಮ ದಪ್ಪಗಿರಲಿ, ಯಂತ್ರದಲ್ಲಿ ಒಂದೇ ಸಲ ಹಾಕಿ ಎಂದು ಹೇಳಿ. ಕೈಮ ಉಂಡೆಗೆ ಬೇಕಾದಷ್ಟು ನುಣ್ಣಗಿದ್ದರೆ ಮೂರು ಗಂಟೆಯಲ್ಲಿ ರವೆಯಂತಾಗುತ್ತದೆ.

ನಮ್ಮ ಮನೆಯಲ್ಲಿ ದನ, ಹಂದಿ ಎರಡೂ ತಿನ್ನುವುದಿಲ್ಲ. ಮಟನ್‌ನಲ್ಲಿ ಮಾಡಿದರೆ ಅದು ರಗು ಆಗುತ್ತದೆಯೇ? (ಚಿತ್ರದುರ್ಗ)

ಧಾರಾಳವಾಗಿ ಆಗುತ್ತದೆ, ಆದರೆ ಬೊಲೊನ್ಯಾದ ಹೆಸರು ಬೇಡ. ಕುರಿಗಾಹಿಗಳ ನಾಡಾದ ಅಬ್ರುಟ್ಸೊದಲ್ಲಿ ಕುರಿಮರಿ ಮಾಂಸದ ರಗು ಹಳೆಯ ಅಡುಗೆ. ತಂತಿ ಬಿಗಿದ ಮರದ ಚೌಕಟ್ಟಿನ ಮೇಲೆ ಹಿಟ್ಟಿನ ಹಾಳೆಯಿಟ್ಟು ಲಟ್ಟಣಿಗೆಯಿಂದ ಒತ್ತಿ ಕತ್ತರಿಸುವ ‘ಕಿತಾರ್ರಾ’ ಪಾಸ್ತಾದ ಜೊತೆ ಅದನ್ನು ತಿನ್ನುತ್ತಾರೆ. ದಪ್ಪ ಮೆಣಸಿನಕಾಯಿ ಹಾಕುವುದೂ ಉಂಟು.

ನಮ್ಮಲ್ಲಿ ಮೇಕೆಗಿಂತ ಕುರಿಯ ಮುಂಗಾಲು, ಭುಜದ ಮಾಂಸ ಒಳ್ಳೆಯದು. 500 ಗ್ರಾಂ ಮಾಂಸಕ್ಕೆ 60–70 ಗ್ರಾಂ ಕೊಬ್ಬು ಸೇರಿಸಿ ಕೊಚ್ಚಿಸಿ. ಪಂಚೆಟ್ಟಾ ಬಿಟ್ಟಾಗ ಕಳೆದುಹೋಗುವುದು ಕೊಬ್ಬು. ಅದನ್ನು ಭರ್ತಿ ಮಾಡದಿದ್ದರೆ ರಗು ಒಣಕಲಾಗುತ್ತದೆ. ಮೇಕೆ ಮಾಂಸವೇ ಆದರೆ ಇನ್ನೂ ಮುಕ್ಕಾಲು ಗಂಟೆ ಹೆಚ್ಚು ಬೇಯಿಸಿ. ಸಾರಿಗೆ ಕಾಲುಮೂಳೆ ಬೇಯಿಸಿದ ನೀರು ಬಳಸಿ, ಅರಿಶಿನ, ಮಸಾಲೆ ಏನೂ ಹಾಕದೆ. ಮೂಳೆಯ ಅಂಟು ಸಾಸಿಗೆ ಮೈಕಟ್ಟು ಕೊಡುತ್ತದೆ.

ಹಂದಿ ತಿನ್ನುವವರಿಗೆ ಪಂಚೆಟ್ಟಾ ಸಿಗದಿದ್ದರೆ, ಕೊಡಗು, ಮಂಗಳೂರು ಕಡೆಯ ಅಂಗಡಿಗಳಲ್ಲಿ ಸಿಗುವ ಹೊಟ್ಟೆಭಾಗದ ತಾಜಾ ಮಾಂಸವನ್ನು ಚರ್ಮ ತೆಗೆಸಿ ತನ್ನಿ. ಹೊಗೆ ಹಾಕಿದ ಬೇಕನ್ ಬಳಸಿದರೆ ಇಡೀ ಪಾತ್ರೆ ಹೊಗೆ ವಾಸನೆ ಹೊಡೆಯುತ್ತದೆ. ಅದೊಂದೇ ಇದ್ದರೆ ಎರಡು ನಿಮಿಷ ಕುದಿನೀರಿನಲ್ಲಿ ಹಾಕಿ, ಬಸಿದು ಬಳಸಿ.

ಹಾಲು ಹಾಕಿದ ತಕ್ಷಣ ಒಡೆದುಹೋಯಿತು. ಮಾಂಸದ ಅಡುಗೆಗೆ ಹಾಲು ಬೇಕೇ ಬೇಕೇ? (ಮೈಸೂರು)

ಹೊಸ ಪಾಕದಲ್ಲೂ ಅದು ಕಡ್ಡಾಯವಲ್ಲ. ಆದರೂ ನಮ್ಮ ಸಲಹೆ ಹಾಕಿ ಎಂದೇ. ಟೊಮೆಟೊ, ವೈನ್ ಹುಳಿಯ ಮೊನಚು ಕಡಿಮೆಯಾಗಿ ಸಾಸಿನ ರುಚಿ ಮೃದುವಾಗುತ್ತದೆ. ಒಡೆಯುವುದಕ್ಕೆ ಕಾರಣ ಹುಳಿ ಮತ್ತು ಕಾವು, ಪನೀರ್ ಆಗುವುದೂ ಹೀಗೆಯೇ ತಾನೆ. ಕೆನೆ ತೆಗೆಯದ ಗಟ್ಟಿ ಹಾಲನ್ನು ಬೆಚ್ಚಗೆ ಮಾಡಿ, ಉರಿ ತಗ್ಗಿಸಿ, ಎರಡೆರಡು ಚಮಚದಂತೆ ಹಾಕುತ್ತಾ ತಿರುವಿ. ಫ್ರಿಜ್‌ನ ತಣ್ಣನೆ ಹಾಲನ್ನು ಒಮ್ಮೆಗೇ ಸುರಿದರೆ ಒಡೆಯುವುದು ಖಚಿತ. ಇನ್ನೂ ಭಯವಿದ್ದರೆ ವೈನ್, ಟೊಮೆಟೊ ಎರಡಕ್ಕೂ ಮೊದಲೇ, ಹುರಿದ ಮಾಂಸಕ್ಕೆ ಹಾಲು ಹಾಕಿ ಪೂರ್ತಿ ಇಂಗಿಸಿ. ಇಟಲಿಯಲ್ಲಿ ಹಾಗೆ ಮಾಡುವವರೂ ಇದ್ದಾರೆ. ಸಣ್ಣದಾಗಿ ಒಡೆದರೆ ಚೆಲ್ಲಬೇಡಿ, ಇನ್ನೊಂದು ಗಂಟೆ ಬೆಂದರೆ ಆ ಕಾಳು ಮಾಂಸದಲ್ಲಿ ಬೆರೆತುಹೋಗುತ್ತದೆ.

ವೈನ್ ಬದಲು ಏನು? (ಬಾಗಲಕೋಟೆ)

100 ಮಿ.ಲೀ. ಸಾರಿಗೆ ಒಂದು ಸಣ್ಣ ಚಮಚ ವಿನೆಗರ್. ದ್ರಾಕ್ಷಿ ಜ್ಯೂಸ್ ಬೇಡ, ಸಿಹಿಯಾಗುತ್ತದೆ. ಸಿಹಿ ವೈನ್ ಕೂಡ ಬೇಡ.

ಟೊಮೆಟೊ ಹುಳಿ ಬಹಳ ಮುಂದೆ ಬರುತ್ತದೆ. ಸಕ್ಕರೆ ಹಾಕಬಹುದೇ? (ಕೋಲಾರ)

ಸಕ್ಕರೆ ಹಾಕಿದರೆ ಹುಳಿ ಹೋಗುವುದಿಲ್ಲ, ಹುಳಿಸಿಹಿ ಗೊಜ್ಜಾಗುತ್ತದೆ. ನಾಟಿ ಟೊಮೆಟೊ ನಮ್ಮ ಸಾರಿಗೆ ಚೆನ್ನ, ರಗುವಿಗೆ ಅದರ ಹುಳಿ ಜಾಸ್ತಿ. ಉದ್ದನೆಯ, ತಿರುಳು ಹೆಚ್ಚಿರುವ, ಪೂರ್ತಿ ಕೆಂಪಾಗಿ ಮೆತ್ತಗಾದ ಹಣ್ಣು ತನ್ನಿ. ಅರ್ಧ ಕಿಲೋ ಹಣ್ಣನ್ನು ಕುದಿನೀರಿಗೆ ಹಾಕಿ ಸಿಪ್ಪೆ ಸುಲಿದು, ಬೀಜ ತೆಗೆದು, ಹಿಸುಕಿ ಜರಡಿಯಲ್ಲಿ ಸೋಸಿ. ಸುಮಾರು 200 ಗ್ರಾಂ ಉಳಿಯುವವರೆಗೆ ಬೇರೆ ಪಾತ್ರೆಯಲ್ಲಿ ಬತ್ತಿಸಿಕೊಂಡು ಆಮೇಲೆ ಮಾಂಸಕ್ಕೆ ಸೇರಿಸಿ. ಕೆಚಪ್ ಬೇಡವೇ ಬೇಡ. ಅದರಲ್ಲಿ ಸಕ್ಕರೆ, ವಿನೆಗರ್ ಎರಡೂ ಇರುತ್ತವೆ.

ಮೂರು ಗಂಟೆ ಗ್ಯಾಸ್ ಉರಿಸುವ ಬದಲು ಕುಕ್ಕರ್‌ನಲ್ಲಿ ಮಾಡಬಹುದೇ? (ಹುಬ್ಬಳ್ಳಿ)

ಮಾಡಬಹುದು, ಅರ್ಧ ಕೆಲಸ ಮಾತ್ರ. ಕುಕ್ಕರ್ ಮಾಂಸವನ್ನು ಮೆತ್ತಗೆ ಮಾಡುತ್ತದೆ, ಆದರೆ ನೀರನ್ನು ಬತ್ತಿಸುವುದಿಲ್ಲ. ಹುರಿಯುವುದು, ವೈನ್ ಬತ್ತಿಸುವುದು ತೆರೆದ ಪಾತ್ರೆಯಲ್ಲೇ ಮುಗಿಯಲಿ. ಆಮೇಲೆ ಸ್ಟೀಲ್ ಕುಕ್ಕರ್‌ಗೆ ಹಾಕಿ, ಸಾರು ಮುಕ್ಕಾಲು ಲೋಟ ಮಾತ್ರ ಸೇರಿಸಿ, ಮೊದಲ ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಇಡಿ. ಒತ್ತಡ ತಾನಾಗಿ ಇಳಿಯಲಿ. ಮುಚ್ಚಳ ತೆಗೆದು, ಹಾಲು ಹಾಕಿ, ಇನ್ನು 40 ನಿಮಿಷ ತೆರೆದೇ ಬತ್ತಿಸಿ. ಈ 40 ನಿಮಿಷ ಬಿಟ್ಟವರ ರಗು ನೀರಾಗಿ, ಪಾಸ್ತಾದಿಂದ ಜಾರಿ ತಟ್ಟೆಯ ತಳ ಸೇರುತ್ತದೆ.

ಹದ ತಿಳಿಯಲು ಸೌಟಿನಿಂದ ಪಾತ್ರೆಯ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಕ್ಷಣಕಾಲ ತೆರೆದೇ ನಿಂತು, ಅಂಚಿನಲ್ಲಿ ಕಿತ್ತಳೆ ಬಣ್ಣದ ಜಿಡ್ಡು ಬಿಟ್ಟುಕೊಂಡರೆ ಆಯಿತು. ಆ ಜಿಡ್ಡನ್ನು ಪೂರ್ತಿ ತೆಗೆದು ಎಸೆಯಬೇಡಿ. ಪಾಸ್ತಾಕ್ಕೆ ರುಚಿ ಹತ್ತಿಸುವುದು ಅದೇ.

ಬೆಳ್ಳುಳ್ಳಿ, ಪಲಾವ್ ಎಲೆ ಹಾಕಿದರೆ ತಪ್ಪೇ? (ಉಡುಪಿ)

ಬೆಳ್ಳುಳ್ಳಿ ಬೊಲೊನ್ಯಾದ ರಗುವಿಗೆ ಸೇರುವುದಿಲ್ಲ. ಇಟಲಿಯವರು ಬಳಸುವ ಲಾರೆಲ್ ಎಲೆಯೇ ಬೇರೆ, ನಮ್ಮ ಪಲಾವ್ ಎಲೆಯೇ ಬೇರೆ. ನಮ್ಮದು ದಾಲ್ಚಿನ್ನಿ ಜಾತಿಯದು, ಹಾಕಿದರೆ ಕೈಮ ಪಲಾವಿನ ವಾಸನೆ ಬರುತ್ತದೆ. ಜಾಯಿಕಾಯಿ ಒಂದು ಚಿಟಿಕೆ ತುರಿದು ಹಾಕುವವರು ಅಲ್ಲಿಯೂ ಇದ್ದಾರೆ. ಸೆಲರಿ ಸಿಗದಿದ್ದರೆ ಬಿಡಿ, ಬದಲಿಗೆ ಕೊತ್ತಂಬರಿ ದಂಟು ಬೇಡ. ನಮ್ಮಲ್ಲಿ ಸಿಗುವ ತೆಳು ದಂಟಿನ ಸೆಲರಿಗೆ ಘಾಟು ಜಾಸ್ತಿ, 40 ಗ್ರಾಂ ಸಾಕು, ಎಲೆ ಬೇಡ.

ದೊಡ್ಡ ದೊಡ್ಡ ಮಾಂಸದ ತುಂಡುಗಳನ್ನೇ ಟೊಮೆಟೊದಲ್ಲಿ ಬೇಯಿಸುವ ರಗು ಕೂಡ ಇದೆಯಂತೆ. ಯಾವುದು ಸರಿ? (ದುಬೈ)

ಎರಡೂ ಸರಿ, ಊರು ಬೇರೆ. ನೀವು ಹೇಳುತ್ತಿರುವುದು ನೇಪಲ್ಸ್‌ನದು. ಅಲ್ಲಿ ಹಂದಿಯ ಪಕ್ಕೆಲುಬು, ಸುರುಳಿ ಸುತ್ತಿ ಕಟ್ಟಿದ ದನದ ಮಾಂಸ ಇವನ್ನೆಲ್ಲ ಇಡಿಯಾಗಿಯೇ, ಟೊಮೆಟೊ ಹೇರಳವಾಗಿ ಹಾಕಿ ಐದಾರು ಗಂಟೆ ಬೇಯಿಸುತ್ತಾರೆ. ಸಾಸ್ ಪಾಸ್ತಾಕ್ಕೆ ಹೋಗುತ್ತದೆ. ಮಾಂಸವನ್ನು ಆಮೇಲೆ ಬೇರೆಯಾಗಿ ಬಡಿಸುತ್ತಾರೆ. ಆ ಸಣ್ಣ ಕುದಿಗೆ ಅವರ ಮಾತಿನಲ್ಲಿ ‘ಪಿಪ್ಪಿಯಾರೆ’ ಎಂಬ ಪದವೇ ಇದೆ. ಟೊಮೆಟೊ ಇಷ್ಟಪಡುವವರು ಅದನ್ನೇ ಮಾಡಿ, ಬೊಲೊನ್ಯಾದ ರಗುವಿಗೆ ಟೊಮೆಟೊ ಸುರಿಯಬೇಡಿ.

ಯಾವ ಪಾಸ್ತಾ ತರಬೇಕು? ಸಾಸ್ ಹಿಡಿಯುವುದೇ ಇಲ್ಲ. (ಬೆಂಗಳೂರು)

ಬೊಲೊನ್ಯಾದಲ್ಲಿ ರಗುವಿನ ಜೋಡಿ ತಾಲ್ಯಾತೆಲ್ಲೆ, ಅಂದರೆ ಮೊಟ್ಟೆ ಹಾಕಿ ಕಲಸಿದ ಚಪ್ಪಟೆ ಪಟ್ಟಿ. ಬೆಂದ ಮೇಲೆ ಅದರ ಅಗಲ 8 ಮಿ.ಮೀ. ಇರಬೇಕೆಂದು 1972ರಲ್ಲಿ ಅದೇ ವಾಣಿಜ್ಯ ಮಂಡಳಿಯಲ್ಲಿ ನೋಂದಣಿಯಾಗಿದೆ. ಮನೆಯಲ್ಲಿ ಮಾಡುವುದಾದರೆ 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ. ಗಟ್ಟಿಯಾಗಿ 10 ನಿಮಿಷ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ತೆಳುವಾಗಿ ಲಟ್ಟಿಸಿ ಕತ್ತರಿಸಿ. ಅದರ ಒರಟು ಮೈಗೆ ಮಾಂಸ ಅಂಟುತ್ತದೆ, ನುಣುಪಾದ ಸ್ಪಗೆಟಿಯಿಂದ ಉದುರುತ್ತದೆ. ಅಂಗಡಿಯದಾದರೆ ಗೀರುಗಳಿರುವ ಕೊಳವೆಯಾಕಾರದ ರಿಗಾತೋನಿ ತನ್ನಿ.

ಸಾಸ್ ಹಿಡಿಯದಿರಲು ಇನ್ನೆರಡು ಕಾರಣಗಳಿವೆ. ಒಂದು, ಬೇಯಿಸುವ ನೀರಿಗೆ ಅಥವಾ ಬಸಿದ ಮೇಲೆ ಪಾಸ್ತಾಕ್ಕೆ ಎಣ್ಣೆ ಹಾಕುವುದು. ಎರಡು, ಬಿಳಿ ಪಾಸ್ತಾದ ಮೇಲೆ ಸಾಸ್ ಸುರಿದು ಕೊಡುವುದು. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಒಣ ಪಾಸ್ತಾವನ್ನು ಪೊಟ್ಟಣದ ಮೇಲಿನ ಸಮಯಕ್ಕಿಂತ ಒಂದು ನಿಮಿಷ ಮೊದಲೇ ತೆಗೆದು, ಬಿಸಿ ರಗುವಿನ ಪಾತ್ರೆಗೇ ಹಾಕಿ, ಬೇಯಿಸಿದ ನೀರು ಅರ್ಧ ಸೌಟು ಸೇರಿಸಿ, ದೊಡ್ಡ ಉರಿಯಲ್ಲಿ ಒಂದು ನಿಮಿಷ ತಿರುವಿ. ಆ ನೀರಿನ ಗಂಜಿ ಜಿಡ್ಡನ್ನೂ ರಸವನ್ನೂ ಕೂಡಿಸುತ್ತದೆ. ಒಬ್ಬರಿಗೆ 100 ಗ್ರಾಂ ಒಣ ಪಾಸ್ತಾ, ಸರಿಸುಮಾರು ಅಷ್ಟೇ ತೂಕದ ರಗು.

ಮೇಲೆ ತುರಿಯುವ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದಲೇ ಹೆಪ್ಪುಗಟ್ಟಿಸುತ್ತಾರೆ. ದನದ ಮಾಂಸ ಬಿಟ್ಟವರು ಸಸ್ಯಮೂಲದ ಅಥವಾ ಸೂಕ್ಷ್ಮಜೀವಿ ಮೂಲದ ರೆನೆಟ್ ಎಂದು ಬರೆದಿರುವ ಬೇರೆ ಗಟ್ಟಿ ಚೀಸ್ ನೋಡಿ ಕೊಳ್ಳಿ.

ಎಷ್ಟು ದಿನ ಇಡಬಹುದು? (ತುಮಕೂರು)

ಮರುದಿನ ರುಚಿ ಹೆಚ್ಚುತ್ತದೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂರು ದಿನ ಇರುತ್ತದೆ. ಇಡೀ ಪಾತ್ರೆಯನ್ನೇ ಮುಚ್ಚಿಟ್ಟರೆ ನಡುವೆ ಗಂಟೆಗಟ್ಟಲೆ ಬಿಸಿ ಉಳಿದು ಕೆಡುತ್ತದೆ. ಫ್ರೀಜರ್‌ನಲ್ಲಿ ಒಂದೊಂದು ಊಟದ ಅಳತೆಗೆ ಡಬ್ಬಿ ಮಾಡಿಟ್ಟರೆ ಮೂರು ತಿಂಗಳು. ಬಿಸಿ ಮಾಡುವಾಗ ಎರಡು ಚಮಚ ನೀರು ಹಾಕಿ, ಒಮ್ಮೆ ಚೆನ್ನಾಗಿ ಕುದಿ ಬರಲಿ.